ಇಸ್ತ್ರಿ ತಾತನ ಊರು

ಅವರ ಎಡಗೈಯ ತೋರುಬೆರಳು ಮತ್ತು ನಡುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಉಜ್ಜಿ ಉಜ್ಜಿ ನಯ ಮಾಡಿದ ಹುಣಸೆಬೀಜದ ಹಾಗೆ ಹೊಳೆಯುತ್ತಿದ್ದವು. ಇಸ್ತ್ರಿಪೆಟ್ಟಿಗೆ ಎಷ್ಟು ಕಾದಿದೆ ಎಂದು ನೋಡಲು ನಲವತ್ತೈದು ವರ್ಷ ಆ ಎರಡು ಬೆರಳನ್ನು ನಾಲಿಗೆಗೆ ತಾಗಿಸಿ ಕಬ್ಬಿಣಕ್ಕೆ ಮುಟ್ಟಿಸಿದ್ದರ ಫಲ ಅದು. ಯಾವುದೋ ಅರ್ಜಿಗೆ ಬೆರಳಚ್ಚು ತೆಗೆಯುವಾಗ ಗುಮಾಸ್ತ ಮೂರು ಕಾಗದ ಹಾಳು ಮಾಡಿ ಕೊನೆಗೆ ಅವರ ಮುಖ ನೋಡಿದನಂತೆ. “ಈ ಎರಡು ಬೆರಳು ಯಾರವೂ ಅಲ್ಲ, ಹಾಗಂತ ಬರ್ಕೊಳ್ಳಿ,” ಎಂದರಂತೆ ಇವರು.

ನಾವು ಕ್ಯುಪರ್ಟಿನೋಗೆ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಈಗ ಮಕ್ಕಳ ಸ್ಕೂಲಿಗಾಗಿ ಜನ ಮುಗಿಬಿದ್ದು ಮನೆ ಕೊಳ್ಳುವ ಬೀದಿಗಳಲ್ಲಿ ಆಗ ಅಲ್ಲೊಂದು ಇಲ್ಲೊಂದು ಏಪ್ರಿಕಾಟ್ ತೋಟ ಇನ್ನೂ ಉಳಿದಿತ್ತು. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೇಲಿಗೆ ಅಂಟಿಕೊಂಡ ಪುಟ್ಟ ಮನೆಯಲ್ಲಿ ಅವರು ಸ್ಕೂಲ್ ಟೀಚರ್ ಆಗಿದ್ದ ಮಗಳ ಜೊತೆ ಇದ್ದರು. ವಯಸ್ಸು ಎಂಬತ್ತೇಳು. ಫ್ರಾನ್ಸಿನ ದಕ್ಷಿಣದ ಅಂಚಿನಲ್ಲಿ, ಸ್ಪೇನ್ ಗಡಿಯ ಬೆಟ್ಟಸಾಲಿನ ಬುಡದ ಒಂದು ಸಣ್ಣ ಊರಿನಿಂದ ಹರೆಯದಲ್ಲೇ ಹೊರಟು ಬಂದು, ಸ್ಯಾನ್ ಫ್ರಾನ್ಸಿಸ್ಕೋದ ಲಾಂಡ್ರಿಯೊಂದರಲ್ಲಿ ದುಡಿಯುವ ವಯಸ್ಸೆಲ್ಲ ಅಂಗಿ ಇಸ್ತ್ರಿ ಮಾಡಿದವರು. ನನ್ನ ಐದು ವರ್ಷದ ಮಗಳು ಅವರನ್ನು ಇಸ್ತ್ರಿ ತಾತ ಎಂದು ಕರೆದಳು, ನಮಗೂ ಅದೇ ಅಭ್ಯಾಸವಾಯಿತು. ಅವರು ನನ್ನನ್ನು ಕರೆಯುತ್ತಿದ್ದದ್ದು ಕೊನೆಯವರೆಗೂ ಮದಾಮ್ ಎಂದೇ. ನಮ್ಮಿಬ್ಬರ ಮಾತು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವರದು ಅವರ ಊರಿನ ಧಾಟಿ, ನನ್ನದು ಹಾಸನದ ಧಾಟಿ. ನೆನಪಿನಲ್ಲಿ ಮಾತ್ರ ಅವರು ನನ್ನ ಕನ್ನಡದಲ್ಲೇ ಮಾತಾಡುತ್ತಾರೆ. ಹಾಗೆಯೇ ಬರೆಯುತ್ತೇನೆ.

ಪರಿಚಯವಾದದ್ದು ಗಂಜಿಯಿಂದ. ಅನ್ನದ ಗಂಜಿ ಹಾಕಿದ ಹತ್ತಿ ಸೀರೆಯನ್ನು ಒಂದು ಬೆಳಿಗ್ಗೆ ಹಿಂದಿನ ಬೇಲಿಯ ಮೇಲೆ ಒಣಹಾಕಿದ್ದೆ. ಅಪಾರ್ಟ್‌ಮೆಂಟಿನ ಮ್ಯಾನೇಜರ್ ನೋಡಿದರೆ ಗೊಣಗುತ್ತಾನೆಂದು ಬೇಗ ಎಳೆದುಕೊಳ್ಳಲು ಹೋದರೆ ಸೀರೆ ಬರಲೊಲ್ಲದು. ಆ ಕಡೆಯಿಂದ ಚಪ್ಪಟೆ ಟೊಪ್ಪಿಯ ಮುದುಕರೊಬ್ಬರು ಸೆರಗನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. ಗಂಜಿ ಗಟ್ಟಿಯಾಯಿತು, ಸೋಸಿಲ್ಲ, ಎಂದು ತೀರ್ಪು ಕೊಟ್ಟರು. ನನಗೆ ಮೈ ಉರಿಯಿತು. ಅಜ್ಜಿ ಕಲಿಸಿದ ಗಂಜಿಗೆ ಬೇಲಿಯಾಚೆಯವರ ಸರ್ಟಿಫಿಕೇಟು ಬೇಕೆ? ಆದರೂ ಮುಂದಿನ ವಾರ ಅವರು ಹೇಳಿದ ಹಾಗೆ ತೆಳುಬಟ್ಟೆಯಲ್ಲಿ ಸೋಸಿ, ಅರೆ ಒದ್ದೆ ಇರುವಾಗಲೇ ಇಸ್ತ್ರಿ ಮಾಡಿದೆ. ನಮ್ಮವರು ಆಫೀಸಿನಿಂದ ಬಂದು, “ಏನೇ, ಹೊಸ ಸೀರೇನಾ?” ಎಂದರು. ಸೋತೆನೆಂದು ಅವತ್ತೇ ಬೇಲಿಯ ಹತ್ತಿರ ಹೋಗಿ ಒಪ್ಪಿಕೊಂಡೆ.

ಅವರಿಗೆ ಮಡಿಸದೆ ಏನನ್ನೂ ಕೆಳಗಿಡಲು ಬರುತ್ತಿರಲಿಲ್ಲ. ನ್ಯೂಸ್‌ಪೇಪರು, ಗ್ರೋಸರಿ ಚೀಲ, ಬ್ರೆಡ್ ಸುತ್ತಿದ ಬಟ್ಟೆ, ಮೂಗೊರೆಸಿದ ಕರ್ಚೀಫು, ಎಲ್ಲ ನಾಲ್ಕು ಮಡಿಕೆ. ನನ್ನ ಮಗಳು ಬಟ್ಟೆ ಎಳೆದಾಡಿ ಬಿಸಾಕಿದರೆ ಎತ್ತಿ ಮಡಿಸಿ, “ಸುಕ್ಕು ಬಟ್ಟೇದಲ್ಲ ಮರಿ, ಅವಸರದ್ದು,” ಎನ್ನುತ್ತಿದ್ದರು. ಅವಳು “ಐ ನೋ, ಇಸ್ತ್ರಿ ತಾತ,” ಎಂದು ಮತ್ತೆ ಬಿಸಾಕುತ್ತಿದ್ದಳು. ತಾತನ ಕಣ್ಣಿನ ನಡುಭಾಗದ ನೋಟ ಹೋಗಿತ್ತು. ಎದುರಿಗಿರುವವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ ಎನ್ನುತ್ತಿದ್ದರು. ಹಾಗಾಗಿ ಮಾತಾಡುವಾಗ ಕತ್ತು ಓರೆ ಮಾಡಿ, ಬೇರೆ ಯಾರನ್ನೋ ನೋಡುವವರಂತೆ ನಮ್ಮನ್ನು ನೋಡುತ್ತಿದ್ದರು.

ನನ್ನ ಕಸುಬನ್ನೂ ಇಲ್ಲಿ ಹೇಳಬೇಕು. ನಾನು ಮೈಸೂರಿನ ಪಾಲಿಟೆಕ್ನಿಕ್ಕಿನಲ್ಲಿ ನಕ್ಷೆ ಬರೆಯುವುದನ್ನು ಕಲಿತು, ಒಂದು ಸರ್ಕಾರಿ ಕಚೇರಿಯಲ್ಲಿ ಆರು ವರ್ಷ ಊರುಗಳ ನಕ್ಷೆ ಬರೆದವಳು. ಕ್ಯಾಲಿಫೋರ್ನಿಯಾದಲ್ಲಿ ಅದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಎಲ್ಲಿ ಹೋದರೂ ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ ಎಂಬ ಒಂದೇ ಉತ್ತರ. ಡ್ರಾಯಿಂಗ್ ಪೆನ್ನುಗಳ ಪೆಟ್ಟಿಗೆ ಎರಡು ವರ್ಷದಿಂದ ಸೂಟ್‌ಕೇಸಿನಲ್ಲೇ ಇತ್ತು.

ಇದು ತಿಳಿದ ವಾರದಲ್ಲೇ ಇಸ್ತ್ರಿ ತಾತ ಒಂದು ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದರು. ಊರಿನಲ್ಲಿದ್ದ ಅವರ ತಂಗಿಯ ಮೊಮ್ಮಗಳು ಬರೆದದ್ದು. ಅಲ್ಲಿನ ಪುರಸಭೆಯವರು ಹಳೆಯ ಊರಿನ ಬಗ್ಗೆ ಒಂದು ಪ್ರದರ್ಶನ ಇಡುತ್ತಿದ್ದಾರೆ. ಊರು ಬಿಟ್ಟವರು ಫೋಟೋ, ಪಾತ್ರೆ, ಪತ್ರ, ಏನಿದ್ದರೂ ಕಳಿಸಬಹುದು. ಇವರ ಹತ್ತಿರ ಏನೂ ಇರಲಿಲ್ಲ. ಊರು ತಲೆಯಲ್ಲಿ ಮಾತ್ರ ಇತ್ತು. ಕಣ್ಣು ಹೋಯಿತು, ತಲೆ ಹೋಗುವ ಮೊದಲು ಅದನ್ನು ನಕ್ಷೆ ಮಾಡಿ ಕೊಡುತ್ತೀರಾ ಎಂದು ಕೇಳಿದರು. ಒಂದೇ ಷರತ್ತು. ತಮ್ಮ ಹೆಸರು ಅದರ ಮೇಲೆ ಇರಕೂಡದು.

ಷರತ್ತು ನನಗೆ ಹಿಡಿಸಲಿಲ್ಲ. ನಮ್ಮ ಕಚೇರಿಯ ಹಿರಿಯ ನಕ್ಷೆಗಾರರು, ಹೆಸರಿಲ್ಲದ ನಕ್ಷೆ ಗಾಳಿಮಾತಿಗೆ ಸಮ ಎಂದು ದಿನಕ್ಕೊಮ್ಮೆ ಹೇಳುತ್ತಿದ್ದರು. ಬಲಗಡೆ ಕೆಳಮೂಲೆಯ ಚೌಕಟ್ಟಿನಲ್ಲಿ ಮಾಹಿತಿ ಕೊಟ್ಟವರ ಹೆಸರು, ಬರೆದವರ ಹೆಸರು ಎರಡೂ ಇರಬೇಕು. ನಾನು ಇದನ್ನೆಲ್ಲ ವಿವರಿಸಿದೆ. ಅವರು ತಲೆಯಾಡಿಸುತ್ತಾ ಕೇಳಿ, ನಿಮ್ಮ ಹೆಸರು ಬೇಕಾದರೆ ದಪ್ಪಕ್ಷರದಲ್ಲಿ ಹಾಕಿಕೊಳ್ಳಿ, ನನ್ನದು ಬೇಡ ಎಂದರು. ಎಪ್ಪತ್ತು ವರ್ಷದಿಂದ ಆ ಊರಿನಲ್ಲಿ ಮನೆಯವರ ಹೊರತು ಯಾರ ಬಾಯಲ್ಲೂ ಆ ಹೆಸರು ಬಂದಿಲ್ಲ, ಬರುವುದೂ ಬೇಡ. ಯಾಕೆ ಎಂದರೆ ಟೊಪ್ಪಿ ಸರಿಮಾಡಿಕೊಂಡರು. ಹಟದಲ್ಲಿ ನಾನೇನು ಕಡಿಮೆ? ಮೊದಲ ದಿನವೇ ಮೂಲೆಯಲ್ಲಿ ಚೌಕಟ್ಟು ಬರೆದು ಖಾಲಿ ಬಿಟ್ಟೆ. ನಕ್ಷೆ ಮುಗಿಯುವಷ್ಟರಲ್ಲಿ ಅದನ್ನು ತುಂಬಿಸುತ್ತೇನೆಂದು ಮನಸ್ಸಿನಲ್ಲೇ ಪಣ ತೊಟ್ಟೆ.

ಬೇಸಗೆಯೆಲ್ಲ ನಮ್ಮ ಊಟದ ಮೇಜಿನ ಮೇಲೆ ಕೆಲಸ ನಡೆಯಿತು. ಊರು ಹೀಗಿತ್ತು. ದಕ್ಷಿಣಕ್ಕೆ ಬೆಟ್ಟ, ಅದರ ನೆತ್ತಿಯಲ್ಲಿ ಜೂನ್‌ವರೆಗೂ ಹಿಮ. ಅಲ್ಲಿಂದ ಇಳಿದು ಊರನ್ನು ಬಳಸಿ ಹೋಗುವ ತಣ್ಣನೆಯ ಹೊಳೆ, ಮೂರು ಕಮಾನಿನ ಕಲ್ಲುಸೇತುವೆ. ಆರೇಳು ನೂರು ವರ್ಷದ ಹಿಂದೆ ಆ ಸೀಮೆಯ ಒಡೆಯನೊಬ್ಬ ಕಾಡು ಕಡಿಸಿ, ಹಗ್ಗ ಹಿಡಿಸಿ, ಒಂದೇ ಅಳತೆಯ ನಿವೇಶನ ಮಾಡಿ, ತೆರಿಗೆ ಮಾಫಿಯ ಆಸೆ ತೋರಿಸಿ ಜನರನ್ನು ಕೂರಿಸಿದ ಊರಂತೆ. ಅದಕ್ಕೇ ಬೀದಿಗಳೆಲ್ಲ ನೇರ. ನಡುವೆ ಚೌಕ, ಚೌಕದ ಸುತ್ತ ಕಮಾನಿನ ಜಗಲಿ, ಒಂದು ಮಗ್ಗುಲಲ್ಲಿ ಸಂತೆಯ ಮಾಡು. ನಮ್ಮ ಜಯನಗರದ ಲೇಔಟು ಹೊಸದೇನಲ್ಲ ಎಂದುಕೊಂಡೆ. ಮುಂದೆ ಮತದ ಜಗಳದಲ್ಲಿ ಚರ್ಚಿನ ಗೋಪುರ ಸುಟ್ಟುಹೋಯಿತು. ಮತ್ತೆ ಕಟ್ಟಿದವರು ಅರ್ಧಕ್ಕೇ ಸುಸ್ತಾಗಿ ಮೊಂಡಾಗಿ ಬಿಟ್ಟರು. ವರ್ಷಕ್ಕೊಮ್ಮೆ ಬಯಲಿನ ಕುರಿಗಳೆಲ್ಲ ಊರಿನ ದೊಡ್ಡ ಬೀದಿಯಲ್ಲೇ ಹಾದು ಬೆಟ್ಟಕ್ಕೆ ಮೇಯಲು ಹೋಗುತ್ತಿದ್ದವು. ಹೊಳೆಯ ದಂಡೆಯಲ್ಲಿ ಮಾಡು ಹಾಕಿದ ಬಟ್ಟೆ ಒಗೆಯುವ ಕಟ್ಟೆ ಇತ್ತು. ಅಲ್ಲಿ ಪ್ರತಿ ಮನೆಯ ಹೆಂಗಸಿಗೂ ಅವಳದೇ ಒಂದು ಕಲ್ಲು.

ಜಗಳ ಶುರುವಾದದ್ದು ದಿಕ್ಕಿನಿಂದ. ನಾನು ರೂಢಿಯಂತೆ ಉತ್ತರವನ್ನು ಮೇಲಿಟ್ಟು ಬರೆದಿದ್ದೆ. ಅವರು ಕೇಳಿ ತಿಳಿದುಕೊಂಡು, ಹಾಳೆಯನ್ನು ತಲೆಕೆಳಗು ತಿರುಗಿಸಿಟ್ಟರು. ಬೆಟ್ಟ ಕಾಲ ಕೆಳಗೆ ಇರುವ ಊರು ಎಲ್ಲಾದರೂ ಉಂಟೇ ಎಂದು ಅವರ ವಾದ. ಪ್ರಪಂಚದ ನಕ್ಷೆಗಳೆಲ್ಲ ಹೀಗೇ ಇರುವುದು ಎಂದು ನನ್ನದು. ಎರಡು ದಿನ ಯಾರೂ ಸೋಲಲಿಲ್ಲ. ಕೊನೆಗೆ ನಾನೇ ಮತ್ತೆ ಮೊದಲಿಂದ ಬರೆದೆ, ಉತ್ತರದ ಬಾಣವನ್ನು ಕೆಳಮುಖ ಮಾಡಿ. ನಮ್ಮ ಕಚೇರಿಯ ಹಿರಿಯರು ನೋಡಿದ್ದರೆ ಪೆನ್ನು ಕಿತ್ತುಕೊಳ್ಳುತ್ತಿದ್ದರು.

ಅಳತೆಗೆ ಅವರಲ್ಲಿದ್ದದ್ದು ಹೆಜ್ಜೆ ಮಾತ್ರ. ಮನೆಯಿಂದ ಕಟ್ಟೆಗೆ ನೂರನಲವತ್ತು, ಕಟ್ಟೆಯಿಂದ ಸೇತುವೆಗೆ ಅರವತ್ತು. ಯಾರ ಹೆಜ್ಜೆ, ಎಷ್ಟು ಉದ್ದ? ಒಂದು ಮಧ್ಯಾಹ್ನ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಅವರನ್ನು ನಡೆಸಿ ಟೇಪು ಹಿಡಿದೆ. ಎರಡು ಹೆಜ್ಜೆ ಹಾಕಿ ನಿಂತು, ಇದು ಮುದುಕನ ಹೆಜ್ಜೆ, ಲೆಕ್ಕಕ್ಕಿಲ್ಲ ಎಂದರು. ಊರು ಬಿಟ್ಟಾಗ ಅವರಿಗೆ ಹದಿನೆಂಟು. ನನ್ನ ತೋಳು ಹಿಡಿದುಕೊಂಡು, ಹಲ್ಲು ಕಚ್ಚಿ, ಹದಿನೆಂಟರ ಹೆಜ್ಜೆಯನ್ನು ಹಾಕಿ ತೋರಿಸಿದರು. ಮ್ಯಾನೇಜರ್ ಆಫೀಸಿನ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದ.

ಮನೆಗಳ ವಿಷಯ ಬಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆ ಊರಿನಲ್ಲಿ ಮನುಷ್ಯರಿಗಿಂತ ಮೊದಲು ಮನೆಗೆ ಹೆಸರು. ಬಾವಿಮನೆಯವನು, ಮೂಲೆಮನೆಯವಳು ಎಂದು ನಮ್ಮ ಹಾಸನದ ಕಡೆ ಕರೆಯುವ ಹಾಗೆಯೇ, ಅಲ್ಲಿಯೂ ಮನೆಯ ಹೆಸರಿನಿಂದಲೇ ಎಲ್ಲರ ಗುರುತು. ಮನೆ ಹಂಚುವಂತಿಲ್ಲ, ಅದು ಹಿರಿಯ ಮಗನಿಗೆ. “ದೊಡ್ಡೋನಿಗೆ ಮನೆ, ಚಿಕ್ಕೋನಿಗೆ ದಾರಿ,” ಎಂದರು ತಾತ. ಇವರು ಚಿಕ್ಕವರು. ಅಣ್ಣನ ವಿಷಯ ಕೇಳಿದರೆ ಕರ್ಚೀಫು ಮಡಿಸತೊಡಗಿದರು.

ಇಷ್ಟರಲ್ಲಿ ನಾನೊಂದು ಅಧಿಕಪ್ರಸಂಗ ಮಾಡಿದೆ. ನಕ್ಷೆಗೆ ಇನ್ನೊಂದು ಸಾಕ್ಷಿ ಇರಲಿ ಎಂದು ಲೈಬ್ರರಿಯಲ್ಲಿ ಆ ಸೀಮೆಯ ಬಗೆಗಿನ ಒಂದು ಪುಸ್ತಕ ಹುಡುಕಿದಾಗ ಅವರ ಊರಿನ ಚೌಕದ ಫೋಟೋ ಸಿಕ್ಕಿತು. ಚೌಕದ ನಟ್ಟನಡುವೆ ಒಂದು ಕಲ್ಲು. ಮೇಲೆ ಕೋವಿ ಹಿಡಿದ ಸೈನಿಕ, ಕೆಳಗೆ ಕೆತ್ತಿದ ಹೆಸರುಗಳು. ನಮ್ಮೂರ ಕೆರೆಯ ಏರಿಯ ಕೆಳಗೆ ಎರಡು ವೀರಗಲ್ಲುಗಳಿವೆ. ದನ ಹೊಡೆದುಕೊಂಡು ಹೋದವರ ಮೇಲೆ ಬಿದ್ದು ಸತ್ತವರವು, ಎಷ್ಟು ನೂರು ವರ್ಷದವೋ ಯಾರಿಗೂ ಗೊತ್ತಿಲ್ಲ. ಹಬ್ಬಕ್ಕೆ ಎಣ್ಣೆ ಹಚ್ಚಿ ಹೂ ಇಡುತ್ತೇವೆ. ಕಲ್ಲಿನ ಮೇಲೆ ಸೈನಿಕನನ್ನು ಕಂಡರೆ ನನಗೆ ಬೇರೇನು ತೋಚೀತು? ಇದೂ ಅಂಥದೇ ಹಳೆಯ ಕಲ್ಲು, ತಾತ ಮರೆತಿದ್ದಾರೆ ಎಂದುಕೊಂಡೆ. ನೀಟಾಗಿ ನಕ್ಷೆಯಲ್ಲಿ ಗುರುತು ಹಾಕಿ, ತಾತ ಬಂದ ಕೂಡಲೇ ಹೆಮ್ಮೆಯಿಂದ ಹೇಳಿದೆ: ನಿಮ್ಮೂರ ವೀರಗಲ್ಲನ್ನೂ ಹಾಕಿದ್ದೇನೆ, ನಮ್ಮೂರಲ್ಲೂ ಇವೆ, ನಾವು ಪೂಜೆ ಮಾಡುತ್ತೇವೆ.

ಅವರು ಎದ್ದರು. ಟೊಪ್ಪಿ ಹಾಕಿಕೊಂಡು, ಗೋಡೆ ತಡವುತ್ತಾ ಹೊರಟುಹೋದರು. ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಬೇಲಿಯ ಹತ್ತಿರ ನಿಂತು ಕರೆದರೆ ಮಗಳು ಬಂದು, ಅಪ್ಪನಿಗೆ ಆಯಾಸ ಎಂದಳು. ಎರಡು ವಾರ ಕಳೆಯಿತು. ನಮ್ಮವರು, “ಅವರ ಊರಿನ ವಿಷ್ಯಕ್ಕೆ ನೀನ್ಯಾಕೆ ಎಕ್ಸ್ಟ್ರಾ ರಿಸರ್ಚ್ ಮಾಡಕ್ಕೋದೆ? ಹೇಳಿದ್ದಷ್ಟು ಬರೆದಿದ್ರೆ ಆಗ್ತಿರ್ಲಿಲ್ವಾ?” ಎಂದರು. ಸರಿಯಾದ ಮಾತೇ, ಅದಕ್ಕೇ ಇನ್ನಷ್ಟು ಕೋಪ ಬಂತು. ತಪ್ಪೇನೆಂದು ತಿಳಿಯದಿದ್ದರೂ ಬ್ಲೇಡು ತೆಗೆದುಕೊಂಡು ಹಾಳೆಯ ಮೇಲಿನ ಆ ಗುರುತನ್ನು ಕೆರೆದು ಹಾಕಿದೆ.

ಮೂರನೆಯ ವಾರ ಅವರೇ ಬಂದರು. ರಜೆ ಮುಗಿದು ಅವರ ಮಗಳು ಸ್ಕೂಲಿಗೆ ಹೋದ ಮೇಲೆ, ಹತ್ತು ಗಂಟೆಯ ಹೊತ್ತಿಗೆ. ಕೂತರು, ಕಾಫಿ ಕುಡಿದರು, ಕಪ್ಪನ್ನು ತಟ್ಟೆಯ ನಟ್ಟನಡುವೆ ಇಟ್ಟರು.

“ನನ್ನ ಕಾಲದಲ್ಲಿ ಅಲ್ಲಿ ಕಲ್ಲಿರ್ಲಿಲ್ಲ, ಮದಾಮ್. ಅದು ಆಮೇಲೆ ಬಂತು. ನನ್ನ ಜೊತೆ ಶಾಲೆ ಬೆಂಚಲ್ಲಿ ಕೂತಿದ್ದೋರು ಅದರ ಮೇಲಿದ್ದಾರೆ. ನಾನಿಲ್ಲ. ನಾನಿಲ್ಲಿ ಕಾಲರಿಗೆ ಇಸ್ತ್ರಿ ಹಾಕ್ತಾ ಇದ್ದೆ.”

ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು. ಮೊದಲನೆಯ ಮಹಾಯುದ್ಧ. ಅಣ್ಣ ಶುರುವಿನಲ್ಲೇ ಹೋದ. ಮೊದಲ ಚಳಿಗಾಲಕ್ಕೆ ಮುಂಚೆ ಸತ್ತ ಸುದ್ದಿ ಬಂತು. ಮುಂದಿನ ಕರೆ ಇವರ ವಯಸ್ಸಿನ ಹುಡುಗರಿಗೆ. ಅದು ಬರುವ ಮೊದಲೇ ತಾಯಿ ಒಬ್ಬ ಕುರುಬನನ್ನು ಗೊತ್ತುಮಾಡಿ, ಕುರಿಗಳ ದಾರಿಯಲ್ಲಿ ಬೆಟ್ಟ ಹತ್ತಿಸಿ ಸ್ಪೇನಿಗೆ ದಾಟಿಸಿದಳು. “ಮನೆಗೆ ಒಬ್ಬ ಸಾಕು,” ಎಂದಷ್ಟೇ ಹೇಳಿದಳಂತೆ. ಅಲ್ಲಿಂದ ಹಡಗು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋ. ಇವರ ಬೆಂಚಿನವರು ಯುದ್ಧಕ್ಕೆ ಹೋದರು, ಹೆಚ್ಚಿನವರು ಮರಳಲಿಲ್ಲ. ಯುದ್ಧ ಮುಗಿದ ಎಷ್ಟೋ ಕಾಲದ ಮೇಲೆ ಸರ್ಕಾರ ಓಡಿಹೋದವರಿಗೆ ಕ್ಷಮೆ ಕೊಟ್ಟಿತು. ತಾಯಿಯಿಂದ ಮಾತ್ರ ಬರಬೇಡ ಎಂಬ ಕಾಗದ ಬಂತು. ಬಟ್ಟೆ ಒಗೆಯುವ ಕಟ್ಟೆಯಲ್ಲಿ ಅವಳ ಎಡಬಲದ ಕಲ್ಲುಗಳು ಖಾಲಿ ಇರುತ್ತಿದ್ದವು. ಯಾರೂ ಬಯ್ಯಲಿಲ್ಲ, ಮಾತು ಬಿಡಲಿಲ್ಲ. ಅವಳ ಪಕ್ಕದಲ್ಲಿ ಬುಟ್ಟಿ ಇಡುತ್ತಿರಲಿಲ್ಲ, ಅಷ್ಟೇ. ಅವಳು ಸಾಯುವವರೆಗೂ ಹಾಗೆಯೇ ನಡೆಯಿತು. ಈ ಕತೆ ಅವರ ಮಗಳಿಗೂ ಗೊತ್ತಿರಲಿಲ್ಲ.

ನಾನು ಅತ್ತುಬಿಟ್ಟೆ. ವೀರಗಲ್ಲು ಎಂದು ಬೀಗಿದ್ದಕ್ಕೆ ನಾಚಿಕೆಯಾಯಿತು. ಹೆಸರು ಬೇಡ, ಚೌಕಟ್ಟನ್ನೇ ಅಳಿಸುತ್ತೇನೆ ಎಂದೆ. ಅವರು ಕೈಯಾಡಿಸಿ ಸುಮ್ಮನಿರಿಸಿ, ಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದರು. ಆ ಎರಡು ವಾರದಲ್ಲಿ ತಂಗಿಯ ಮೊಮ್ಮಗಳಿಗೆ ಫೋನು ಮಾಡಿ, ಕಲ್ಲಿನ ಮೇಲಿದ್ದ ಹೆಸರುಗಳನ್ನೆಲ್ಲ ಬರೆದು ಕಳಿಸುವಂತೆ ಹೇಳಿದ್ದರು. ಅವರಿಗೆ ಓದಲು ಕಾಣದು. ಮಗಳಿಂದ ಓದಿಸಲು ಮನಸ್ಸಿಲ್ಲ.

ನಾನು ಓದಿದೆ. ನನ್ನ ಬಾಯಲ್ಲಿ ಆ ಹೆಸರುಗಳ ಗತಿ ಏನಾಯಿತೋ ದೇವರಿಗೇ ಗೊತ್ತು. ಅವರು ಒಂದೊಂದನ್ನೂ ಸರಿಯಾಗಿ ಉಚ್ಚರಿಸಿ, ಯಾವ ಮನೆಯವನು ಎಂದು ಹೇಳುತ್ತಿದ್ದರು. ಒಬ್ಬ ಚೆನ್ನಾಗಿ ಶಿಳ್ಳೆ ಹಾಕುತ್ತಿದ್ದ, ಒಬ್ಬ ಲೆಕ್ಕದಲ್ಲಿ ಇವರಿಗೆ ತೋರಿಸಿಕೊಡುತ್ತಿದ್ದ. ಅವರು ಮನೆ ಹೇಳಿದಾಗಲೆಲ್ಲ ನನ್ನ ಕೈ ತಾನಾಗಿ ನಕ್ಷೆಯಲ್ಲಿ ಆ ಮನೆಯ ಮೇಲೆ ಒಂದು ಚುಕ್ಕೆ ಇಡುತ್ತಾ ಹೋಯಿತು. ಇಪ್ಪತ್ತಮೂರು ಹೆಸರು. ಅಣ್ಣನದು ಬಂದಾಗ ಅವರು ಮನೆಯ ಹೆಸರು ಹೇಳಲಿಲ್ಲ, ಹೇಳಬೇಕಾಗಿರಲಿಲ್ಲ. ಚುಕ್ಕೆಯ ವಿಷಯ ತಿಳಿಸಿದೆ. ಅವರ ಬೆರಳು ಹಿಡಿದು ಒಂದೊಂದಾಗಿ ಎಲ್ಲವನ್ನೂ ಮುಟ್ಟಿಸಿದೆ.

“ಚೌಕದಲ್ಲಿ ಕಲ್ಲಿದೆಯಾ?” ಎಂದು ಕೇಳಿದರು. ಅಳಿಸಿದ್ದೇನೆ ಎಂದೆ.

“ಹಾಕಿ. ಅದಿಲ್ಲದ ಊರಿಂದ ನಾನು ಬಂದುಬಿಟ್ಟೆ. ನಕ್ಷೆ ಹೋಗೋದು ಅದಿರೋ ಊರಿಗೆ.” ಹಾಳೆಯ ಕೆಳಮೂಲೆಯನ್ನು ಬೆರಳಲ್ಲಿ ತಡವಿ, “ನಿಮ್ಮ ಚೌಕಟ್ಟಲ್ಲಿ ಬರ್ಕೊಳ್ಳಿ. ಮನೆ ಹೆಸರು ಮೊದಲು, ಆಮೇಲೆ ನನ್ನದು. ಕೆಳಗೆ, ಯುದ್ಧಕ್ಕೆ ಹೋಗಲಿಲ್ಲ ಅಂತ,” ಎಂದರು.

ಕೊನೆಯ ಸಾಲು ಬೇಡವೆಂದು ಬೇಡಿಕೊಂಡೆ. ಚೌಕಟ್ಟಿನಲ್ಲಿ ಅಂಥದ್ದನ್ನು ಬರೆಯುವ ಪದ್ಧತಿಯಿಲ್ಲ ಎಂದೆ. ಹೆಸರಿಲ್ಲದ ನಕ್ಷೆ ಗಾಳಿಮಾತು ಎಂದವರು ನೀವೇ, ಅರ್ಧ ಹೆಸರೂ ಗಾಳಿಮಾತೇ ಎಂದರು. ಅಕ್ಷರ ಅಕ್ಷರ ಬಿಡಿಸಿ ಹೇಳಿದರು, ಬರೆದೆ. ನಕ್ಷೆಯ ಪ್ರತಿಯನ್ನು ಅವರ ಮಗಳೇ ಪೋಸ್ಟ್ ಮಾಡಿದಳು. ಅದಕ್ಕೂ ಮೊದಲು ಆ ಸಾಲನ್ನು ಓದಿ, ಅಪ್ಪನ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದಳಂತೆ.

ಎರಡು ತಿಂಗಳು ಉತ್ತರವಿಲ್ಲ. ಅವರು ದಿನಾ ಬೆಳಿಗ್ಗೆ ಟಪಾಲಿನವನ ಗಾಡಿಯ ಸದ್ದಿಗೆ ಕತ್ತು ಓರೆ ಮಾಡುತ್ತಿದ್ದರು. ಆ ದಿನಗಳಲ್ಲಿ ನಾನು ನನ್ನನ್ನೇ ಬಯ್ದುಕೊಂಡದ್ದಕ್ಕೆ ಮಿತಿಯಿಲ್ಲ. ನನ್ನ ಹಟಕ್ಕೆ ಒಬ್ಬ ಮುದುಕರನ್ನು ಊರಿನ ಮುಂದೆ ನಿಲ್ಲಿಸಿಬಿಟ್ಟೆ ಎನ್ನಿಸುತ್ತಿತ್ತು.

ಕಾಗದ ಬಂದಾಗ ಅವರ ಮಗಳು ನನ್ನನ್ನೂ ಕರೆದಳು. ಓದಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ನಕ್ಷೆಯನ್ನು ಪುರಸಭೆಯ ಹಜಾರದಲ್ಲಿ ತೂಗುಹಾಕಿದ್ದರು. ಜನ ಬಂದರು, ಚೌಕಟ್ಟನ್ನು ಓದಿದರು, ಮಾತಿಲ್ಲದೆ ಹೋದರು. ಎಂಬತ್ತು ದಾಟಿದ ಒಬ್ಬಳು ಅಜ್ಜಿ ಮಾತ್ರ ಮೂರು ದಿನ ಮತ್ತೆ ಮತ್ತೆ ಬಂದಳು. ಚುಕ್ಕೆಯಿದ್ದ ಒಂದು ಮನೆಯ ಮಗಳು ಅವಳು. ಆ ಚುಕ್ಕೆ ಅವಳ ಅಣ್ಣನದು. ಮೂರನೆಯ ದಿನ ತಂಗಿಯ ಮೊಮ್ಮಗಳನ್ನು ಕರೆದು ಬೆರಳಿಟ್ಟು ತೋರಿಸಿದಳಂತೆ. ನಮ್ಮ ಮನೆ ಬಾಗಿಲನ್ನು ಬೀದಿಗೆ ಹಾಕಿದ್ದಾನೆ, ಅದು ಇದ್ದದ್ದು ಓಣಿಗೆ. ಅವನಿಗೆ ಬರೆದು ಹೇಳು, ಬೆಳಗೆದ್ದರೆ ಅದೇ ಬಾಗಿಲಲ್ಲಿ ನಿಂತು ನನ್ನಣ್ಣನನ್ನ ಕೂಗ್ತಿದ್ದೋನು ಅಷ್ಟೂ ಮರೆತನಾ, ಅಂತ.

ತಾತನ ಕೆನ್ನೆಯ ಮೇಲೆ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತು, “ಅವಳಿಗೇನು ಗೊತ್ತು? ಆಗ ಹನ್ನೆರಡು ವರ್ಷದೋಳು. ಬಾಗಿಲು ಬೀದಿಗೇ ಇತ್ತು,” ಎಂದರು.

ಅವತ್ತೇ ನಾಲ್ಕು ಪುಟದ ಉತ್ತರ ಹೋಯಿತು. ಚಳಿಗಾಲವೆಲ್ಲ ಆ ಬಾಗಿಲಿನ ಜಗಳ ನಡೆಯಿತು. ಅಜ್ಜಿ ಬಿಡಲೊಲ್ಲಳು, ಇವರು ಸೋಲಲೊಲ್ಲರು. ಎಪ್ಪತ್ತು ವರ್ಷದ ಮೇಲೆ ಊರಿನವರು ಒಬ್ಬರು ಅವರ ಜೊತೆ ಜಗಳಕ್ಕೆ ನಿಂತಿದ್ದರು. ಅಷ್ಟು ಸುಖವಾಗಿ ಅವರನ್ನು ನಾನು ಕಂಡದ್ದಿಲ್ಲ. ಹೋಗಿ ಬಾಗಿಲು ಮುಟ್ಟಿ ಬರುತ್ತೇನೆ ಎಂದು ಹೊರಟರು, ಡಾಕ್ಟರು ವಿಮಾನ ಬೇಡ ಎಂದರು. ಏಪ್ರಿಕಾಟ್ ಹೂ ಬಿಡುವ ಕಾಲದಲ್ಲಿ, ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ನನ್ನ ಋಣ ದೊಡ್ಡದು. ಆ ನಕ್ಷೆಯನ್ನು ಹಿಡಿದುಕೊಂಡು ಸ್ಯಾನ್ ಹೋಸೆಯ ಒಂದು ಕಚೇರಿಗೆ ಕೆಲಸ ಕೇಳಲು ಹೋದೆ. ಅಲ್ಲಿನ ಯಜಮಾನರು ಉತ್ತರ ಯಾಕೆ ಕೆಳಗಿದೆ ಎಂದು ಕೇಳಿದರು, ಹೇಳಿದೆ. ಸೋಮವಾರದಿಂದ ಬನ್ನಿ ಎಂದರು. ಅದೇ ಕೆಲಸದಲ್ಲಿ ಮುದುಕಿಯಾದೆ.

ತಾತ ಹೋದ ಮೂರನೆಯ ವರ್ಷ ತಂಗಿಯ ಮೊಮ್ಮಗಳು ನನಗೊಂದು ಫೋಟೋ ಕಳಿಸಿದಳು. ಅಜ್ಜಿಯ ಮನೆಯ ಗಾರೆಯನ್ನು ರಿಪೇರಿಗೆಂದು ಕಿತ್ತಾಗ ಹಳೆಯ ಬಾಗಿಲಿನ ಕಲ್ಲುಚೌಕಟ್ಟು ಬಯಲಾಗಿತ್ತು. ಇದ್ದದ್ದು ಓಣಿಯ ಕಡೆಗೆ. ಬೀದಿಯ ಕಡೆ ಆ ಕಾಲದ ಬಾಗಿಲಿನ ಸುಳಿವೇ ಇರಲಿಲ್ಲ. ಅಜ್ಜಿ ಗೆದ್ದಿದ್ದಳು. ನಕ್ಷೆಯ ಮೂಲಪ್ರತಿ ನನ್ನ ಹತ್ತಿರವೇ ಇತ್ತು. ತಪ್ಪು ತಿಳಿದ ಮೇಲೆ ತಿದ್ದದೆ ಬಿಡುವುದು ನಮ್ಮ ಕಸುಬಿನಲ್ಲಿ ಪಾಪ. ಹಾಳೆ ಹಾಸಿದೆ, ಬ್ಲೇಡು ತೆಗೆದುಕೊಂಡೆ, ಆ ಮನೆಯ ಚುಕ್ಕೆ ಹುಡುಕಿದೆ. ಆಮೇಲೆ ಬ್ಲೇಡನ್ನು ಪೆಟ್ಟಿಗೆಗೆ ಹಾಕಿ, ಊರಿಗೆ ಒಂದು ಸಾಲಿನ ಕಾಗದ ಬರೆದೆ: ಇಸ್ತ್ರಿ ತಾತ ಇನ್ನೂ ಒಪ್ಪಿಲ್ಲ ಎಂದು ಅಜ್ಜಿಗೆ ಹೇಳಿ.